ಕೌಚ್ ಟು 5ಕೆ: ಒಂಬತ್ತು ವಾರ ಅಂದರು, ನನಗೆ ಹಿಡಿದದ್ದು ಹದಿನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಓಡಿ ಅಭ್ಯಾಸ ಇಲ್ಲದವರಿಗೆ ಓಟ ಕಲಿಸುವ ಈ ಪ್ಲಾನಿಗೆ ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನೋದು ಕೆಳಗೆ ಬರುತ್ತದೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ನಾನು ಮೈಸೂರಿನವಳು, ವಯಸ್ಸು ನಲವತ್ತಮೂರು. ಬ್ಯಾಂಕಿನಲ್ಲಿ ಕೆಲಸ, ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಕುರ್ಚಿ. ಓಟ ಅಂದರೆ ನನಗೆ ಮೊದಲಿಂದ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅನ್ನೋದು ಕಡಿಮೆಯಾಯಿತು, ಹೆದರಿಕೆ ಇತ್ತು. ನಮ್ಮ ಸ್ಕೂಲಿನಲ್ಲಿ ಹೋಂವರ್ಕ್ ತರದಿದ್ದರೆ ಗ್ರೌಂಡಿಗೆ ಮೂರು ರೌಂಡ್, ಯೂನಿಫಾರಂ ಇಸ್ತ್ರಿ ಇಲ್ಲದಿದ್ದರೆ ಎರಡು ರೌಂಡ್, ಪ್ರೇಯರ್‌ನಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಪಿಟಿ ಮೇಷ್ಟರ ಸೀಟಿ ಊದುವವರೆಗೆ. ಮೊದಲ ರೌಂಡಿನಲ್ಲೇ ಪಕ್ಕೆ ಚುಚ್ಚಲು ಶುರು, ಬಾಯಲ್ಲಿ ತುಕ್ಕು ಹಿಡಿದ ಕಬ್ಬಿಣದ ರುಚಿ, ಹಿಂದಿನಿಂದ ಹುಡುಗರ ನಗು. ಇಪ್ಪತ್ತೈದು ವರ್ಷ ಕಳೆದರೂ ಓಟ ಅಂದ ತಕ್ಷಣ ನಾಲಿಗೆ ಮೇಲೆ ಅದೇ ರುಚಿ ಬರುತ್ತಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಇದೇ ಕತೆ ಅಲ್ವಾ? ಓಟವನ್ನು ಶಿಕ್ಷೆ ಅಂತಲೇ ಕಲಿತದ್ದು. ಆಮೇಲೆ ನಲವತ್ತು ದಾಟಿದ ಮೇಲೆ ಡಾಕ್ಟರು 'ಸ್ವಲ್ಪ ಓಡಾಡಿ, ಜಾಗಿಂಗ್ ಮಾಡಿ' ಅಂದರೆ ಅದು ಹಳೇ ಮೇಷ್ಟರ ದನಿಯಲ್ಲೇ ಕೇಳಿಸುತ್ತದೆ.

ಈ ಪ್ಲಾನ್ ನನಗೆ ಸಿಕ್ಕಿದ್ದು ಆಫೀಸಿನ ಒಬ್ಬ ಹುಡುಗಿಯಿಂದ. 'ಮೇಡಂ, ಇದರಲ್ಲಿ ಓಡೋದು ಬರೀ ಒಂದು ನಿಮಿಷ, ಆಮೇಲೆ ನಿಲ್ಲಿಸು ಅಂತ ಅದೇ ಹೇಳತ್ತೆ' ಅಂದಳು. ನನ್ನ ಕಿವಿ ನಿಮಿರಿದ್ದು ಆ 'ನಿಲ್ಲಿಸು' ಅನ್ನೋ ಮಾತಿಗೆ. ಓಡು ಅಂದವರು ಜೀವನದಲ್ಲಿ ಬೇಕಾದಷ್ಟು ಜನ. ಸಾಕು, ಈಗ ನಡಿ ಅಂದವರು ಯಾರೂ ಇರಲಿಲ್ಲ.

ಏನಿದು ಅಂತ ಗೊತ್ತಿಲ್ಲದವರಿಗೆ: ಕೌಚ್ ಟು 5ಕೆ ಅಂದರೆ ಸೋಫಾದಿಂದ ಐದು ಕಿಲೋಮೀಟರ್ ಓಟದವರೆಗೆ. 1996ರಲ್ಲಿ ಜಾಶ್ ಕ್ಲಾರ್ಕ್ ಅನ್ನೋ ಅಮೆರಿಕದ ಯುವಕ, ಐವತ್ತು ದಾಟಿದ ತನ್ನ ಅಮ್ಮನನ್ನು ಓಡಿಸಬೇಕು ಅಂತ ಬರೆದ ವೇಳಾಪಟ್ಟಿ. ಒಂಬತ್ತು ವಾರ, ವಾರಕ್ಕೆ ಮೂರೇ ದಿನ, ದಿನಕ್ಕೆ ಅರ್ಧ ಗಂಟೆ ಆಸುಪಾಸು. ಮೊದಲ ವಾರ ಐದು ನಿಮಿಷ ಚುರುಕಾಗಿ ನಡೆಯೋದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಎರಡನೇ ವಾರ 90 ಸೆಕೆಂಡ್ ಓಟ, ಎರಡು ನಿಮಿಷ ನಡಿಗೆ. ಹೀಗೇ ಓಟ ಉದ್ದವಾಗುತ್ತಾ ನಡಿಗೆ ಕರಗುತ್ತಾ ಹೋಗಿ ಒಂಬತ್ತನೇ ವಾರ ಮೂವತ್ತು ನಿಮಿಷ ಒಂದೇ ಸಮ ಓಟ. ಕಾಸು ಖರ್ಚಿಲ್ಲ. ಕಾಗದದ ಮೇಲೆ ಬರೆದುಕೊಂಡು ಗಡಿಯಾರ ನೋಡಿಕೊಂಡೂ ಮಾಡಬಹುದು. ಇದೇ ಪಟ್ಟಿ ಹಾಕಿಕೊಂಡ ಆ್ಯಪ್‌ಗಳು ರಾಶಿ ಇವೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ತನ್ನದೇ ಒಂದು ಆ್ಯಪ್ ಮಾಡಿ, ಅದರಲ್ಲಿ ಓಟಗಾರ ಮೈಕೆಲ್ ಜಾನ್ಸನ್ ಅಂಥವರ ದನಿ ಹಾಕಿದೆ. ನಾನು ಬಳಸಿದ್ದು ಯಾವುದೋ ಉಚಿತ ಆ್ಯಪ್, ಮಧ್ಯೆ ಮಧ್ಯೆ ಜಾಹೀರಾತು ಬರುವಂಥದ್ದು. ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ 'ಈಗ ಓಡಿ', 'ಈಗ ನಡೆಯಿರಿ' ಅನ್ನುತ್ತಿತ್ತು. ನಾನು ಅವಳಿಗೆ ಸರೋಜಮ್ಮ ಅಂತ ಹೆಸರಿಟ್ಟಿದ್ದೆ.

ನವೆಂಬರಿನಲ್ಲಿ ಶುರು ಮಾಡಿದೆ. ಕುಕ್ಕರಹಳ್ಳಿ ಕೆರೆ ಏರಿ. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಬೇಕು ಅಂದರೆ: ಊರ ಮಧ್ಯೆ ಇರುವ ಕೆರೆ, ಸುತ್ತ ಮರದ ನೆರಳಿನ ಮಣ್ಣು ದಾರಿ, ನೀರಿನಲ್ಲಿ ಹೆಜ್ಜಾರ್ಲೆ, ನೀರುಕಾಗೆ. ಬೆಳಿಗ್ಗೆ ಅರ್ಧ ಊರು ಅಲ್ಲೇ ಇರುತ್ತದೆ. ನನಗೆ ಬೇಡವಾಗಿದ್ದದ್ದೂ ಅದೇ. ಚೂಡಿದಾರ್ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು, ವೇಲ್ ಸೊಂಟಕ್ಕೆ ಕಟ್ಟಿಕೊಂಡು, ಯಾರೂ ಇಲ್ಲದ ತಿರುವು ನೋಡಿ ಸರೋಜಮ್ಮನ ಮಾತಿಗೆ ಕಾದೆ. 'ಈಗ ಓಡಿ' ಅಂದಳು. ಓಡಿದೆ. ಅಂದರೆ ಸ್ಕೂಲಿನಲ್ಲಿ ಓಡಿದ ಹಾಗೆ, ಮುಷ್ಟಿ ಬಿಗಿ ಹಿಡಿದು, ಹಲ್ಲು ಕಚ್ಚಿ, ಬಸ್ ಹೊರಟುಹೋಗುತ್ತಿದೆ ಅನ್ನೋ ಹಾಗೆ. ಮೂವತ್ತನೇ ಸೆಕೆಂಡಿಗೆ ದಮ್ಮು ಕಟ್ಟಿತು. ಎದುರು ಬರುತ್ತಿದ್ದ ಮಂಕಿ ಕ್ಯಾಪಿನ ಅಜ್ಜ ಒಬ್ಬರು ನಿಂತು, 'ಏನಮ್ಮಾ, ಏನಾಯ್ತು? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?' ಅಂತ ನಿಜವಾಗಿಯೂ ಗಾಬರಿಯಾಗಿ ಕೇಳಿದರು. ಇಲ್ಲ ತಾತ, ಸುಮ್ನೆ ಓಡ್ತಾ ಇದೀನಿ ಅಂದೆ. ಅವರಿಗೆ ಅದು ಇನ್ನೂ ಗಾಬರಿ ಅನ್ನಿಸಿರಬೇಕು.

ಈ ಅಜ್ಜ ಮುಂದೆ ಹದಿನಾಲ್ಕು ವಾರ ನನ್ನ ಅಳತೆಗೋಲಾದರು. ಅವರು ನಡೆಯುತ್ತಿದ್ದರು, ನಾನು ಓಡುತ್ತಿದ್ದೆ, ಒಟ್ಟು ಲೆಕ್ಕದಲ್ಲಿ ಅವರೇ ಮುಂದೆ.

ಈಗ ಪ್ಲಾನಿನ ದೊಡ್ಡ ಕೊರತೆಗೆ ಬರುತ್ತೇನೆ, ಸ್ಟಾರ್ ಹೋದದ್ದು ಇಲ್ಲೇ. ಎಷ್ಟು ಹೊತ್ತು ಓಡಬೇಕು ಅಂತ ಸೆಕೆಂಡ್ ಲೆಕ್ಕದಲ್ಲಿ ಹೇಳುತ್ತದೆ, ಎಷ್ಟು ನಿಧಾನ ಓಡಬೇಕು ಅನ್ನೋದನ್ನು ನನ್ನ ಆ್ಯಪ್ ಹೇಳಲೇ ಇಲ್ಲ. ನನ್ನಂಥವಳಿಗೆ ಓಡು ಅಂದರೆ ಗೊತ್ತಿರುವುದು ಒಂದೇ ವೇಗ, ಪಿಟಿ ಮೇಷ್ಟರ ಸೀಟಿಯ ವೇಗ. ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ನೋವು ಶುರುವಾಯಿತು. ಮುಟ್ಟಿದರೆ ಪ್ರಾಣ ಹೋಗುತ್ತಿತ್ತು, ಮೆಟ್ಟಿಲು ಇಳಿಯೋದು ಬೇಡವೇ ಬೇಡ. ಓಟಗಾರರು ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ, ಹೊಸಬರಿಗೆ ಬರುವ ಮಾಮೂಲಿ ತೊಂದರೆಯಂತೆ. ಫಿಸಿಯೋಥೆರಪಿ ಮಾಡುವ ನಮ್ಮ ಬೀದಿಯ ಹುಡುಗ ಬಿಡಿಸಿ ಹೇಳಿದ. ಓಡುವಾಗ ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ನಮ್ಮ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಹೃದಯ, ಶ್ವಾಸಕೋಶ ಬೇಗ ಒಗ್ಗಿಕೊಳ್ಳುತ್ತವೆ, ಕೆಲವು ವಾರ ಸಾಕು. ಎಲುಬು ಮತ್ತು ಸ್ನಾಯುರಜ್ಜು ಮಾತ್ರ ಹಳ್ಳಿ ಆಫೀಸಿನ ಫೈಲಿನ ಹಾಗೆ, ತಿಂಗಳುಗಟ್ಟಲೆ. ಉಸಿರು 'ಆಗುತ್ತೆ' ಅಂದಾಗ ಕಾಲು ಇನ್ನೂ 'ಆಗಲ್ಲ' ಅನ್ನುತ್ತಿರುತ್ತದೆ. ನಾವು ಉಸಿರಿನ ಮಾತು ಕೇಳಿ ಕಾಲು ಕೆಡಿಸಿಕೊಳ್ಳುತ್ತೇವೆ.

ಎರಡು ವಾರ ಪೂರ್ತಿ ರಜ. ಆಮೇಲೆ ಮತ್ತೆ ಮೊದಲನೇ ವಾರದಿಂದ. ಒಂಬತ್ತು ಇದ್ದದ್ದು ಹದಿನಾಲ್ಕು ಆದದ್ದು ಹೀಗೆ.

ಎರಡನೇ ಸಲ ಆ ಹುಡುಗ ಹೇಳಿಕೊಟ್ಟ ಒಂದು ಉಪಾಯ ಪೂರ್ತಿ ಆಟವನ್ನೇ ಬದಲಿಸಿತು. ಓಡುವಾಗ ಮಾತಾಡಲು ಆಗಬೇಕು. ಪೂರ್ತಿ ವಾಕ್ಯ, ಮಧ್ಯೆ ಏದುಸಿರು ಬರದ ಹಾಗೆ. ಒಬ್ಬಳೇ ಓಡುವವಳು ಯಾರ ಜೊತೆ ಮಾತಾಡಲಿ? ಮಗ್ಗಿ ಹೇಳಿಕೊಂಡೆ. ಹದಿಮೂರರ ಮಗ್ಗಿ, ಸ್ಕೂಲಿನಲ್ಲಿ ಅದಕ್ಕೂ ಏಟು ತಿಂದಿದ್ದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಮೊದಲ ದಿನ ಐವತ್ತೆರಡಕ್ಕೆ ಉಸಿರು ಕಿತ್ತುಕೊಂಡಿತು. ನಿಧಾನ ಮಾಡಿದೆ. ಎಪ್ಪತ್ತೆಂಟಕ್ಕೆ ನಿಂತಿತು. ಇನ್ನೂ ನಿಧಾನ. ಇದು ಓಟವೇ ಅಲ್ಲ, ನಿಂತಲ್ಲೇ ಕುಣಿಯುತ್ತಿದ್ದೇನೆ ಅನ್ನಿಸುವಷ್ಟು ನಿಧಾನ ಮಾಡಿದಾಗ ಹದಿಮೂರ್ಹತ್ಲ ನೂರಮೂವತ್ತು ಒಂದೇ ಉಸಿರಿನ ಸಮಕ್ಕೆ ಬಂತು. ಅಷ್ಟು ಹೊತ್ತಿಗೆ ಮಂಕಿ ಕ್ಯಾಪಿನ ಅಜ್ಜ ಹಿಂದಿನಿಂದ ಬಂದು, ಪಕ್ಕದಲ್ಲೇ ಸ್ವಲ್ಪ ದೂರ ಜೊತೆಗೆ ನಡೆದು, 'ಓಡ್ತಾ ಇದೀಯೋ, ನಡೀತಾ ಇದೀಯೋ ತಾಯಿ?' ಅಂತ ಕೇಳಿ ಮುಂದೆ ಹೋದರು.

ಅವಮಾನ ಆಯಿತಾ ಅಂದರೆ ಆಯಿತು. ಆದರೆ ಬಾಯಲ್ಲಿ ಕಬ್ಬಿಣದ ರುಚಿ ಇರಲಿಲ್ಲ. ನಾನು ಓಡುತ್ತಿದ್ದೆ, ಪಕ್ಕೆ ಚುಚ್ಚುತ್ತಿರಲಿಲ್ಲ. ಇದು ನನಗೆ ನಲವತ್ತಮೂರು ವರ್ಷದಲ್ಲಿ ಮೊದಲ ಸಲ.

ಶೂ ವಿಷಯ ಹೇಳಲೇಬೇಕು. ಕ್ಯಾನ್ವಾಸ್ ಶೂ ಬಿಟ್ಟು ಸರಿಯಾದ ರನ್ನಿಂಗ್ ಶೂ ತಗೊಳ್ಳೋಣ ಅಂತ ಒಂದು ಮಾಲಿನ ಅಂಗಡಿಗೆ ಹೋದೆ, ಹೆಸರು ಬೇಡ. ಅಂಗಡಿ ಹುಡುಗ ಕಾಲು ಅಳೆಯಲೂ ಇಲ್ಲ. ಮೇಡಂ ಚಪ್ಪಲಿ ಸೈಜ್ ಎಷ್ಟು, ಆರಾ, ಇದು ಆರು, ಸೂಪರ್ ಆಗಿದೆ ಅಂದ. ಆರು ಸಾವಿರ ಚಿಲ್ಲರೆ ಕೊಟ್ಟೆ. ನಿಂತಾಗ ಸರಿಯಾಗಿಯೇ ಇತ್ತು. ಮೂರು ವಾರ ಓಡಿದ ಮೇಲೆ ಬಲಗಾಲ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಆಮೇಲೆ ಒಂದು ದಿನ ಸ್ನಾನ ಮಾಡುವಾಗ ಕೈಗೇ ಬಂತು. ವಾಪಸ್ ತಗೊಂಡು ಹೋದರೆ 'ಹಾಕಿಕೊಂಡು ಓಡಿದ್ದೀರಲ್ಲ ಮೇಡಂ' ಅಂದರು. ಓಡೋಕೇ ತಾನೇ ಕೊಟ್ಟಿದ್ದು? ಆಮೇಲೆ ಗೊತ್ತಾದದ್ದು: ಓಡುವಾಗ ಪಾದ ಊದಿಕೊಳ್ಳುತ್ತದೆ, ಹಾಗಾಗಿ ಬೆರಳ ತುದಿಯ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಬೇಕು, ಶೂ ಕೊಳ್ಳಲು ಸಂಜೆ ಹೊತ್ತು ಹೋಗಬೇಕು, ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಬೇಕು. ಎರಡನೇ ಜೊತೆ ಸೈಜ್ ಏಳು, ಬೆಲೆ ಅರ್ಧ, ಬಣ್ಣ ದರಿದ್ರ, ಕಾಲಿಗೆ ಮಾತ್ರ ಬೆಣ್ಣೆ. ಇನ್ನೂ ಅದರಲ್ಲೇ ಓಡುತ್ತಿದ್ದೇನೆ.

ನಮ್ಮೆಜಮಾನರು 'ಶೂ ಎಲ್ಲಾ ಯಾಕೆ, ಬರಿಗಾಲಲ್ಲಿ ಓಡಿ ಒಲಿಂಪಿಕ್ಸ್ ಗೆದ್ದೋರಿದಾರೆ' ಅಂದರು. ಹೌದು, ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಚಿನ್ನ ಗೆದ್ದರು. ನಮ್ಮ ಶಿವನಾಥ್ ಸಿಂಗ್ ಕೂಡ ಬರಿಗಾಲ ಓಟಕ್ಕೆ ಹೆಸರಾದವರು, 1978ರಲ್ಲಿ ಜಲಂಧರ್‌ನಲ್ಲಿ 42 ಕಿಲೋಮೀಟರ್ ಚಿಲ್ಲರೆ ದೂರವನ್ನು 2 ಗಂಟೆ 12 ನಿಮಿಷದಲ್ಲಿ ಓಡಿದರು, ಆ ರಾಷ್ಟ್ರೀಯ ದಾಖಲೆ ದಶಕಗಟ್ಟಲೆ ಹಾಗೇ ನಿಂತಿತ್ತು. ಅವರಿಗೆ ಇದ್ದ ಪಾದ ಬೇರೆ, ನಮ್ಮ ಬೀದಿಯ ಜಲ್ಲಿ, ಬಾಟಲಿ ಚೂರು ಬೇರೆ. ಶೂ ಹಾಕಿಕೊಳ್ಳಿ.

ಈ ಪ್ಲಾನ್ ಮಾಡಿದವರೆಲ್ಲ ಒಂದು ದಿನದ ಬಗ್ಗೆ ಮಾತಾಡಿಯೇ ಆಡುತ್ತಾರೆ: ಐದನೇ ವಾರದ ಮೂರನೇ ದಿನ. ಅದೇ ವಾರ ಮೊದಲ ದಿನ ಐದೈದು ನಿಮಿಷದ ಮೂರು ಓಟ. ಎರಡನೇ ದಿನ ಎಂಟು ನಿಮಿಷ ಓಟ, ಐದು ನಿಮಿಷ ನಡಿಗೆ, ಮತ್ತೆ ಎಂಟು ನಿಮಿಷ. ಮೂರನೇ ದಿನ ಇದ್ದಕ್ಕಿದ್ದ ಹಾಗೆ ಇಪ್ಪತ್ತು ನಿಮಿಷ, ಮಧ್ಯೆ ನಡಿಗೆ ಇಲ್ಲ. ಹಿಂದಿನ ರಾತ್ರಿ ಪರದೆಯಲ್ಲಿ ಅದನ್ನು ನೋಡಿ ಇದೇನೋ ಅಚ್ಚಿನ ತಪ್ಪು ಅಂದುಕೊಂಡೆ. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆ ಹಿಂದಿನ ರಾತ್ರಿಯ ಹಾಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಮಗ್ಗಿ ಶುರು ಮಾಡಿದೆ. ಹದಿಮೂರು ಮುಗಿದು ಹದಿನಾಲ್ಕು, ಹದಿನೈದು, ಹದಿನಾರು. ಹತ್ತು ನಿಮಿಷಕ್ಕೆ ಸರೋಜಮ್ಮ 'ಅರ್ಧ ಆಯಿತು' ಅಂದಳು. ಹದಿನೈದನೇ ನಿಮಿಷಕ್ಕೆ ತಲೆಯೊಳಗೆ ಒಬ್ಬ ವಕೀಲ ಎದ್ದು ಕೂತ. ಸಾಕು ಕಣೇ, ಯಾರಿಗೆ ತೋರಿಸಬೇಕು, ಮನೆಯಲ್ಲಿ ಚಟ್ನಿಗೆ ತೆಂಗಿನಕಾಯಿ ತುರಿದಿಲ್ಲ. ವಾದ ಬಲವಾಗಿತ್ತು. ನಿಧಾನ ಮಾಡಿದೆ, ನಿಲ್ಲಲಿಲ್ಲ. ಇಪ್ಪತ್ತು ಮುಗಿದಾಗ ಕಲ್ಲು ಬೆಂಚಿನ ಮೇಲೆ ಕೂತು ಒಂದೆರಡು ನಿಮಿಷ ಅತ್ತೆ ಅಂದರೆ ನೀವು ನಗಬಹುದು, ನಗಿ. ಆ ವಿಷಯದಲ್ಲಿ ಜಾಶ್ ಕ್ಲಾರ್ಕ್‌ಗೆ ಅಡ್ಡಬೀಳುತ್ತೇನೆ. ಆ ಹಾರಿಕೆಯನ್ನು ಬೇಕು ಅಂತಲೇ ಇಟ್ಟಿರಬೇಕು ಅಂತ ನನ್ನ ಅನುಮಾನ. ನಾಲ್ಕು ವಾರ ನಿಲ್ಲಿಸಿ ನಿಲ್ಲಿಸಿ ಓಡಿಸಿದವನು, ನಿನಗೆ ಗೊತ್ತಿಲ್ಲದೇ ನಿನ್ನ ಕಾಲು ರೆಡಿಯಾಗಿದೆ ಅಂತ ತೋರಿಸಿಬಿಡುತ್ತಾನೆ.

ಇನ್ನೊಂದು ಸಣ್ಣ ಮೋಸ ಹೆಸರಿನಲ್ಲೇ ಇದೆ. ಒಂಬತ್ತನೇ ವಾರ ಮೂವತ್ತು ನಿಮಿಷ ಓಡಿದರೆ 'ಅಭಿನಂದನೆ, ನೀವೀಗ 5ಕೆ ಓಟಗಾರ್ತಿ' ಅಂತ ಪಟಾಕಿ ಹಾರಿಸುತ್ತದೆ. ನಾನು ಆ ಮೂವತ್ತು ನಿಮಿಷದಲ್ಲಿ ಓಡಿದ್ದು 3.4 ಕಿಲೋಮೀಟರ್. ಮೂವತ್ತು ನಿಮಿಷಕ್ಕೆ ಐದು ಕಿಲೋಮೀಟರ್ ಬೇಕು ಅಂದರೆ ಕಿಲೋಮೀಟರಿಗೆ ಆರು ನಿಮಿಷ, ಅದು ಹೊಸಬರ ವೇಗವೇ ಅಲ್ಲ. ನಿಜವಾದ ಐದು ಕಿಲೋಮೀಟರ್ ಮುಟ್ಟಲು ನನಗೆ ಇನ್ನೂ ಒಂದೂವರೆ ತಿಂಗಳು ಹಿಡಿಯಿತು, 43 ನಿಮಿಷ ಬೇಕಾಯಿತು. ಎಷ್ಟೋ ಜನ ಇಲ್ಲಿ ನಿರಾಸೆಯಾಗಿ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಹೆಸರು ತಪ್ಪು, ನೀವು ಸರಿ.

ಅಮೆರಿಕದಲ್ಲಿ ಬರೆದ ಪಟ್ಟಿಯಲ್ಲಿ ಇರದ ಕೆಲವು ವಿಷಯ ನಮ್ಮ ಊರುಗಳಿಗೆ ಬೇಕು. ಒಂದು, ನಾಯಿ. ಬೀದಿ ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ಇದಕ್ಕಿಂತ ದೊಡ್ಡ ತಮಾಷೆ ಓಟಗಾರರಿಗೆ ಇನ್ನೊಂದಿಲ್ಲ. ನಿಂತುಬಿಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ನಿಧಾನಕ್ಕೆ ನಡೆದುಕೊಂಡು ಆ ಬೀದಿ ದಾಟಿ. ನಮ್ಮ ಬೀದಿ ಕೊನೆಯ ಕರಿ ನಾಯಿಗೂ ನನಗೂ ಈಗ ಒಪ್ಪಂದವಾಗಿದೆ, ಅದರ ಗಡಿಯೊಳಗೆ ನಾನು ಓಡುವುದಿಲ್ಲ. ಇನ್ನೊಂದು ಬಿಸಿಲು. ಮಾರ್ಚ್ ಬಂತು ಅಂದರೆ ಏಳು ಗಂಟೆ ಮೇಲೆ ಓಡಿದರೆ ಅದೇ ವೇಗಕ್ಕೆ ಎದೆಬಡಿತ ಜಾಸ್ತಿ, ಯಾಕೆಂದರೆ ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ಆಗ ವೇಗ ಕಡಿಮೆ ಮಾಡಬೇಕೇ ಹೊರತು ನನ್ನ ದಮ್ಮು ಹೋಯಿತು ಅಂತ ಕೊರಗಬಾರದು.

ಹೆಂಗಸರಿಗೆ ಇನ್ನೊಂದು ಇದೆ, ಎಲ್ಲರಿಗೂ ಗೊತ್ತಿರುವುದೇ. ಬೈಕಿನಲ್ಲಿ ಹೋಗುವ ಹುಡುಗರು 'ಆಂಟಿ, ಒಲಿಂಪಿಕ್ಸಾ?' ಅಂತ ಕೂಗಿ ಹೋಗುತ್ತಾರೆ. ಮೊದಮೊದಲು ಮನೆಗೆ ಬಂದು ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಪಕ್ಕದ ಮನೆಯ ಟೀಚರ್ ಒಬ್ಬರು ಜೊತೆಗೆ ಬರುತ್ತಾರೆ, ಇಬ್ಬರಿದ್ದರೆ ಕೂಗುವವರ ಗಂಟಲು ಅರ್ಧ ಇಳಿಯುತ್ತದೆ. ಕತ್ತಲೆ ಇದ್ದರೆ ಕೆರೆ ಕಡೆ ಬೇಡ, ದೀಪ ಇರುವ ಬಡಾವಣೆ ರಸ್ತೆ. ಇಯರ್‌ಫೋನ್ ಒಂದೇ ಕಿವಿಗೆ.

ತೂಕ ಇಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಕಿಲೋಮೀಟರ್ ಓಡಿದರೆ ಒಂದು ಕಿಲೋ ಮೈತೂಕಕ್ಕೆ ಹತ್ತಿರ ಹತ್ತಿರ ಒಂದು ಕ್ಯಾಲೊರಿ ಅನ್ನೋದು ಒಂದು ಅಂದಾಜು ಲೆಕ್ಕ. ನನ್ನ 66 ಕಿಲೋಗೆ 3.4 ಕಿಲೋಮೀಟರ್ ಓಡಿದರೆ ಇನ್ನೂರಿಪ್ಪತ್ತು ಚಿಲ್ಲರೆ. ವಾಪಸ್ ಬರುತ್ತಾ ಒಂದು ಬೆಣ್ಣೆ ಮಸಾಲೆ ತಿಂದರೆ ಲೆಕ್ಕ ಸಾಲದಲ್ಲಿರುತ್ತದೆ. ನಾನು ತಿಂದೆ, ಹಲವು ಸಲ. ಒಂದೂವರೆ ಕಿಲೋ ಇಳಿದೆ, ಅಷ್ಟೇ. ನಿದ್ದೆ ಮಾತ್ರ ಕಲ್ಲಿನ ಹಾಗೆ ಬರುತ್ತದೆ. ಓಡುವ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು ಸಾಕು. ನಂಜನಗೂಡು ರಸಬಾಳೆ ಸಿಕ್ಕಿದರೆ ಅದನ್ನು ಓಟಕ್ಕೆ ಹಾಳು ಮಾಡಬೇಡಿ, ಕೂತು ತಿನ್ನಿ.

ಒಂಬತ್ತು ವಾರ ಮುಗಿದ ಮೇಲೆ ಈ ಪ್ಲಾನ್ ನಿಮ್ಮನ್ನು ಕೈಬಿಡುತ್ತದೆ. ಸರೋಜಮ್ಮ ಒಂದು ದಿನ ಸುಮ್ಮನಾಗಿಬಿಡುತ್ತಾಳೆ. ಇಲ್ಲಿ ನನಗೆ ಕೈ ಹಿಡಿದದ್ದು ಜೆಫ್ ಗ್ಯಾಲೋವೇ ಅನ್ನೋ ಅಮೆರಿಕದ ಓಟಗಾರನ ದಾರಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಮನುಷ್ಯ, ಎರಡು ವರ್ಷ ಬಿಟ್ಟು ಹೊಸಬರಿಗೆ ಕಲಿಸಲು ಹೊರಟಾಗ ಕಂಡುಕೊಂಡದ್ದು ಓಡು, ನಡಿ, ಓಡು. ದಣಿದ ಮೇಲೆ ನಡೆಯೋದಲ್ಲ, ದಣಿಯುವ ಮುಂಚೆಯೇ ಲೆಕ್ಕ ಹಾಕಿ ನಡೆಯೋದು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ನನ್ನ ಲೆಕ್ಕ ಇದು. ನಡೆದರೆ ಓಟ ಅಲ್ಲ ಅನ್ನುವವರು ಇದ್ದಾರೆ, ಅವರಿಗೆ ನಮಸ್ಕಾರ.

ಈ ಲೆಕ್ಕ ಹಿಡಿದುಕೊಂಡೇ ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಓಡಿದೆ. 2008ರಿಂದ ನಡೆಯುತ್ತಿರುವ ಓಟ ಇದು, ದೊಡ್ಡ ದೊಡ್ಡ ಆಫ್ರಿಕನ್ ಓಟಗಾರರು ಬರುತ್ತಾರೆ, ನಮ್ಮಂಥವರಿಗೂ ಅದೇ ದಿನ ಜಾಗ ಇದೆ. ಮೈಸೂರಿಂದ ಹಿಂದಿನ ದಿನವೇ ಹೋಗಿ ತಂಗಿ ಮನೆಯಲ್ಲಿ ಉಳಿದು, ಕತ್ತಲೆ ಇರುವಾಗಲೇ ಪೆರೇಡ್ ಮೈದಾನದ ಹತ್ತಿರ ಸಾಲಿನಲ್ಲಿ ನಿಂತೆ. ಸಾವಿರಾರು ಜನ, ಎಲ್ಲೆಲ್ಲೂ ನೋವಿನ ಮುಲಾಮಿನ ವಾಸನೆ. ಮೊದಲ ಎರಡು ಕಿಲೋಮೀಟರ್ ಜನ ನನ್ನ ಎರಡೂ ಕಡೆಯಿಂದ ಹೊಳೆಯ ಹಾಗೆ ದಾಟಿಹೋದರು. ನಾನು ಮಗ್ಗಿ ಹೇಳುತ್ತಿದ್ದೆ. ಏಳನೇ ಕಿಲೋಮೀಟರಿನಲ್ಲಿ ಅವರಲ್ಲಿ ಎಷ್ಟೋ ಜನ ಸೊಂಟದ ಮೇಲೆ ಕೈ ಇಟ್ಟು ನಡೆಯುತ್ತಿದ್ದರು, ನಾನು ಇನ್ನೂ ಹತ್ತೊಂಬತ್ತರ ಮಗ್ಗಿಯಲ್ಲಿದ್ದೆ. ಒಟ್ಟು 1 ಗಂಟೆ 23 ನಿಮಿಷ. ಇದೇ ಓಟವನ್ನು 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದ್ದರು. ಬ್ಯಾಂಕಿನವಳು ನಾನು, ಲೆಕ್ಕ ಹಾಕಿದೆ. ನಾನು ಒಂದು ಸಲ ಓಡುವಷ್ಟರಲ್ಲಿ ಅವರು ಮೂರು ಸಲ ಓಡಿ ಮುಗಿಸಿ, ನೀರು ಕುಡಿಯಲು ಆರು ಸೆಕೆಂಡ್ ಉಳಿಸಿಕೊಳ್ಳುತ್ತಿದ್ದರು.

ಪದಕ ಚೆನ್ನಾಗಿದೆ, ದೇವರ ಮನೆ ಬಾಗಿಲ ಮೊಳೆಗೆ ನೇತುಹಾಕಿದ್ದೇನೆ. ಆದರೆ ಓಟ ನನಗೆ ಇಷ್ಟ ಆದದ್ದು ಅಲ್ಲಿ ಅಲ್ಲ. ಅದಕ್ಕೆ ಮುಂಚೆ, ಆಗಸ್ಟಿನ ಒಂದು ಬೆಳಿಗ್ಗೆ. ರಾತ್ರಿಯೆಲ್ಲ ಮಳೆ ಸುರಿದು ಬಿಟ್ಟಿತ್ತು. ಏರಿ ಮೇಲೆ ಕೆಮ್ಮಣ್ಣು ಶೂಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರು ತೂಕ ಆಗಿತ್ತು. ಶುರು ಮಾಡಿದ ಸ್ವಲ್ಪ ಹೊತ್ತಿಗೇ ಫೋನ್ ಚಾರ್ಜ್ ಹೋಯಿತು. ಸಮಯ ಗೊತ್ತಿಲ್ಲ, ದೂರ ಗೊತ್ತಿಲ್ಲ. ವಾಪಸ್ ಹೋಗೋಣ ಅಂದುಕೊಂಡವಳು ಹೋಗಲಿಲ್ಲ. ಮರದಿಂದ ಹನಿ ಬೀಳುವ ಸದ್ದು, ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಒಂದು ಹೆಜ್ಜಾರ್ಲೆ ನೀರಿಂದ ಎದ್ದಿತು. ಅಷ್ಟು ದಪ್ಪ ಹಕ್ಕಿ, ಹಾರುವ ಮುಂಚೆ ನೀರಿನ ಮೇಲೆ ಪಟ ಪಟ ಅಂತ ಓಡಲೇಬೇಕು ಪಾಪ, ನನ್ನ ಹಾಗೇ ಒದ್ದಾಡಿಕೊಂಡು. ಆಮೇಲೆ ಎಷ್ಟು ಸುತ್ತು ಹಾಕಿದೆನೋ ನೆನಪಿಲ್ಲ. ಮಗ್ಗಿ ಹೇಳುವುದನ್ನು ಮರೆತಿದ್ದೆ. ಮನೆಗೆ ಬಂದು ಗೋಡೆ ಗಡಿಯಾರ ನೋಡಿದರೆ ಒಂದೂಕಾಲು ಗಂಟೆ ಆಗಿತ್ತು, ಅತ್ತೆ ಬಾಗಿಲಲ್ಲೇ ನಿಂತು 'ಎಲ್ಲಿ ಹೋಗಿದ್ಯೇ, ಹಾಲು ಉಕ್ಕಿ ಹೋಯ್ತು' ಅಂತ ಬೈದರು. ಬೈಸಿಕೊಳ್ಳುತ್ತಲೇ ನಾಳೆ ರಜದ ದಿನ ಅಲ್ಲವಲ್ಲ ಛೆ ಅಂದುಕೊಂಡೆ. ಓಟಕ್ಕೆ ರಜ ಬೇಕು ಅಂತ ಅಲ್ಲ. ಓಡಲು ರಜ ಬೇಕು ಅಂತ.

ಈ ವಯಸ್ಸಿನಲ್ಲಿ ಬೇಕಾ ಅನ್ನುವವರಿಗೆ ನಾನು ಫೌಜಾ ಸಿಂಗ್ ಹೆಸರು ಹೇಳುತ್ತೇನೆ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋದವರು, 2000ದಲ್ಲಿ ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದಾಗ ಅವರಿಗೆ 89. 2011ರಲ್ಲಿ ಟೊರಾಂಟೊದಲ್ಲಿ ಓಡಿದಾಗ ನೂರು. ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ. ಸರ್ಟಿಫಿಕೇಟ್ ತೊಂದರೆ ನಮ್ಮವರನ್ನು ಎಲ್ಲಿ ಹೋದರೂ ಬಿಡಲ್ಲ ನೋಡಿ.

ಯಾರು ತಗೊಳ್ಳಬಹುದು? ಓಟ ಅಂದರೆ ಆಗದವರು, ನನ್ನ ಹಾಗೆ ಸ್ಕೂಲಿನಲ್ಲಿ ರೌಂಡ್ ಹೊಡೆದು ಹೆದರಿದವರು, ಕಣ್ಣು ಮುಚ್ಚಿಕೊಂಡು ಶುರು ಮಾಡಿ. ಬಿಪಿ, ಶುಗರ್, ಎದೆ ತೊಂದರೆ, ಮಂಡಿ ನೋವು ಇದ್ದವರು ಮಾತ್ರ ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಈಗಾಗಲೇ ಫುಟ್‌ಬಾಲ್, ಬ್ಯಾಡ್ಮಿಂಟನ್ ಆಡುವವರಿಗೆ ಮೊದಲ ನಾಲ್ಕು ವಾರ ಬೋರ್ ಹೊಡೆಯುತ್ತದೆ, ಅವರಿಗೆ ಇದು ಬೇಡ. ಆ್ಯಪ್‌ಗೆ ದುಡ್ಡು ಕೊಡಬೇಡಿ, ಉಚಿತದ್ದೇ ಸಾಕು. ಓಟ ಅಳೆಯುವ ಗಡಿಯಾರಕ್ಕೂ ಈಗಲೇ ಬೇಡ, ಆ ದುಡ್ಡು ಶೂಗೆ ಇಡಿ. ಒಂದು ವಾರ ಕಷ್ಟ ಅನ್ನಿಸಿದರೆ ಅದೇ ವಾರ ಇನ್ನೊಂದು ಸಲ ಮಾಡಿ, ಯಾರೂ ಮಾರ್ಕ್ಸ್ ಕೊಡುತ್ತಿಲ್ಲ.

ಮಂಕಿ ಕ್ಯಾಪಿನ ಅಜ್ಜ ಈಗಲೂ ನನಗಿಂತ ಮುಂದೆಯೇ. ಒಂದೇ ವ್ಯತ್ಯಾಸ, ಅವರು ಒಂದು ಸುತ್ತಿಗೆ ಮನೆಗೆ ಹೋಗುತ್ತಾರೆ.

ಕಳೆದ ವಾರ ಲಲಿತಮಹಲ್ ರಸ್ತೆ ಕಡೆಯಿಂದ ಸುತ್ತಿಕೊಂಡು 16 ಕಿಲೋಮೀಟರ್ ಆಯಿತು. ಹಾಫ್ ಮ್ಯಾರಥಾನ್ ಅಂದರೆ 21.1, ಇನ್ನೂ ಐದು ಚಿಲ್ಲರೆ ಬಾಕಿ. ಶುರು ಮಾಡುವವರು ಏನಾದರೂ ಸಂದೇಹ ಇದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ಶನಿವಾರ ರಾತ್ರಿ ಮಾತ್ರ ಬೇಡ, ಭಾನುವಾರ ನಾಲ್ಕೂಮುಕ್ಕಾಲಿಗೆ ಏಳಬೇಕು.